ಬೈಕ್ ಅಲಾರಂನ ಬ್ಯಾಕಪ್ ಬ್ಯಾಟರಿ ನೀವೇ ಬದಲಿಸುವುದು ಹೇಗೆ?

“ಬೈಕಿಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ, ಆದರೂ ಅಲಾರಂ ನಡುರಾತ್ರಿ ತಾನಾಗೇ ಕೂಗಿಕೊಳ್ಳುತ್ತೆ.” “ರಿಮೋಟ್ ಒತ್ತಿದರೆ ಇಂಡಿಕೇಟರ್ ಸರಿಯಾಗೇ ಮಿನುಗುತ್ತೆ, ಸೈರನ್ ಮಾತ್ರ ಇಲಿಮರಿ ಥರ ಕೀಚ್ ಅನ್ನುತ್ತೆ.” “ನಾಲ್ಕು ದಿನ ನಿಲ್ಲಿಸಿದರೆ ಬೈಕ್ ಸ್ಟಾರ್ಟೇ ಆಗಲ್ಲ, ಅಲಾರಂ ವೈರ್ ಕಿತ್ತಿಟ್ಟರೆ ಏನೂ ತೊಂದರೆ ಇಲ್ಲ.” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಕೇಳೋಕೆ ಮೂರು ಬೇರೆ ಬೇರೆ ಕಾಯಿಲೆ. ಆದರೆ ಬಹಳ ಸಲ ಮೂರಕ್ಕೂ ಮೂಲ ಒಂದೇ: ಸೈರನ್ನಿನ ಹೊಟ್ಟೆಯೊಳಗೆ ಕೂತಿರುವ, ಅಲ್ಲಿದೆ ಅಂತಲೇ ಹೆಚ್ಚಿನವರಿಗೆ ಗೊತ್ತಿರದ ಒಂದು ಪುಟ್ಟ ಬ್ಯಾಟರಿ ಪ್ಯಾಕ್.

ಅದು ಅಲ್ಲಿ ಯಾಕಿದೆ ಅಂದರೆ, ಕಳ್ಳ ಬೈಕಿನ ಬ್ಯಾಟರಿ ವೈರನ್ನು ಕತ್ತರಿಸಿದರೂ ಸೈರನ್ ಬಾಯಿ ಮುಚ್ಚಬಾರದು ಅಂತ. ಹೊರಗಿನ ವಿದ್ಯುತ್ ನಿಂತ ಕ್ಷಣವೇ ಸೈರನ್ ತನ್ನ ಸ್ವಂತ ಬ್ಯಾಟರಿಗೆ ಬದಲಾಗಿ ಕೂಗಲು ಶುರು ಮಾಡುತ್ತದೆ. ಉಳಿದ ಹೊತ್ತಿನಲ್ಲೆಲ್ಲ ಬೈಕಿನ ದೊಡ್ಡ ಬ್ಯಾಟರಿ ಅದಕ್ಕೆ ಹನಿಹನಿಯಾಗಿ ಚಾರ್ಜ್ ಉಣಿಸುತ್ತಿರುತ್ತದೆ. ಇದಕ್ಕೆ ಟ್ರಿಕಲ್ ಚಾರ್ಜ್ ಎನ್ನುತ್ತಾರೆ. ಹಗಲು ರಾತ್ರಿ, ವರ್ಷಗಟ್ಟಲೆ, ಬಿಸಿಲಲ್ಲಿ ಕಾದ ಸೀಟಿನ ಕೆಳಗೆ. ಒಂದು ದಿನ ಅದು ಸಾಯಲೇಬೇಕು.

ಒಟ್ಟು ಮೂರು ಬ್ಯಾಟರಿಗಳು ಇಲ್ಲಿ ಬರುತ್ತವೆ, ಗೊಂದಲ ಬೇಡ. ಬೈಕಿನ 12 ವೋಲ್ಟಿನ ಬ್ಯಾಟರಿ ಮುಖ್ಯ ಬ್ಯಾಟರಿ. ಸೈರನ್ ಅಥವಾ ಅಲಾರಂ ಡಬ್ಬಿಯೊಳಗಿನದು ಬ್ಯಾಕಪ್. ಕೀಚೈನಿನ ರಿಮೋಟಿನಲ್ಲಿರುವುದು ನಾಣ್ಯದಂಥ ಸಣ್ಣ ಸೆಲ್. ಈ ಲೇಖನ ಎರಡನೆಯದರ ಬಗ್ಗೆ. ಮೂರನೆಯದಕ್ಕೆ ಕೊನೆಯಲ್ಲಿ ನಾಲ್ಕು ಮಾತು ಸಾಕು.

ಬಿಚ್ಚುವ ಮುಂಚೆ: ತಪ್ಪು ನಿಜವಾಗಿ ಯಾರದು?

ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಮೂರನ್ನೂ ಅಳೆಯುವ ಸಾಧಾರಣ ಮೀಟರ್ ಸಾಕು.

ಮೊದಲು ಮುಖ್ಯ ಬ್ಯಾಟರಿ. ಬೈಕ್ ಓಡಿಸಿ ಕೆಲವು ಗಂಟೆ ಬಿಟ್ಟ ನಂತರ, ಇಗ್ನಿಷನ್ ಆಫ್ ಇರುವಾಗ ಅಳೆಯಿರಿ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ 12.6 ವೋಲ್ಟಿನ ಆಸುಪಾಸು ಅಥವಾ ಮೇಲೆ ಇರುತ್ತದೆ. 12.2 ಅಂದರೆ ಅರ್ಧ ಖಾಲಿ. 12ರ ಕೆಳಗಿದ್ದರೆ ಅಲಾರಂನ ವಿಚಾರ ಆಮೇಲೆ, ಮೊದಲು ಈ ಬ್ಯಾಟರಿ ನೋಡಿ. ಎಂಜಿನ್ ಓಡುವಾಗ 13.5ರಿಂದ 14.5 ವೋಲ್ಟ್ ಬರಬೇಕು, ಬರದಿದ್ದರೆ ಚಾರ್ಜಿಂಗ್ ವ್ಯವಸ್ಥೆಯಲ್ಲೇ ತೊಂದರೆ. ಕೆಲವು ಅಲಾರಂಗಳು ವೋಲ್ಟೇಜ್ ಕುಸಿತವನ್ನೇ ಕಳ್ಳತನದ ಸುಳಿವು ಅಂದುಕೊಳ್ಳುತ್ತವೆ. ಹಾಗಾಗಿ ದುರ್ಬಲ ಮುಖ್ಯ ಬ್ಯಾಟರಿಯೂ ಸುಳ್ಳು ಕೂಗಿಗೆ ಕಾರಣವಾಗಬಹುದು.

ಮುಖ್ಯ ಬ್ಯಾಟರಿ ಗಟ್ಟಿಯಾಗಿದ್ದೂ ನಾಲ್ಕೇ ದಿನಕ್ಕೆ ಖಾಲಿಯಾಗುತ್ತಿದ್ದರೆ, ನಿಂತ ಬೈಕ್ ಎಷ್ಟು ಕರೆಂಟ್ ಎಳೆಯುತ್ತಿದೆ ನೋಡಬೇಕು. ಮುಖ್ಯ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಆ ವೈರಿಗೂ ಮೈನಸ್ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಆಂಪಿಯರ್ ಅಳತೆಯಲ್ಲಿ, ಮೊದಲು ದೊಡ್ಡ ರೇಂಜಿನಲ್ಲಿ ಇಟ್ಟು ಜೋಡಿಸಿ. (ವೈರ್ ಬಿಚ್ಚಿದ ಕೂಡಲೆ ಅಲಾರಂ ಕೂಗದಿರಲು ಮುಂದೆ ಬರುವ ಹಂತ 2ನ್ನು ಈಗಲೇ ಓದಿಕೊಳ್ಳಿ.) ಅಲಾರಂ ನಿದ್ದೆಗೆ ಜಾರಲು ಸ್ವಲ್ಪ ಹೊತ್ತು ಬೇಕು, ಕಾಯಿರಿ. ಮೀಟರ್ ಜೋಡಿಸಿದ್ದಾಗ ಇಗ್ನಿಷನ್ ಆನ್ ಮಾಡುವುದಾಗಲಿ ಸ್ಟಾರ್ಟರ್ ಒತ್ತುವುದಾಗಲಿ ಮಾಡಿದರೆ ಮೀಟರಿನ ಫ್ಯೂಸ್ ಹೋಯಿತು ಅಂತಲೇ ಲೆಕ್ಕ.

ಬಂದ ಸಂಖ್ಯೆಗೆ ಅರ್ಥ ಹೀಗೆ ಹುಡುಕಿ: 5 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 120, ತಿಂಗಳಿಗೆ 3,600 ಮಿಲಿಆಂಪಿಯರ್ ಗಂಟೆ, ಅಂದರೆ 3.6 ಆಂಪಿಯರ್ ಗಂಟೆ. 9 ಆಂಪಿಯರ್ ಗಂಟೆಯ ಬೈಕ್ ಬ್ಯಾಟರಿ ಇದನ್ನು ಕೆಲವು ವಾರ ತಡೆದುಕೊಳ್ಳುತ್ತದೆ. ಅದೇ 60 ಮಿಲಿಆಂಪಿಯರ್ ಕಂಡರೆ ದಿನಕ್ಕೆ ಸುಮಾರು ಒಂದೂವರೆ ಆಂಪಿಯರ್ ಗಂಟೆ ಹೋಗುತ್ತಿದೆ, ನಾಲ್ಕೈದು ದಿನಕ್ಕೆ ಬೈಕ್ ಮಲಗುತ್ತದೆ. ಅಲಾರಂನ ಫ್ಯೂಸ್ ತೆಗೆದಾಗ ಈ ಸಂಖ್ಯೆ ದಪ್ಪನೆ ಇಳಿದರೆ ಅಪರಾಧಿ ಅಲಾರಂ. ಒಳಗೆ ಶಾರ್ಟ್ ಆದ ಸೆಲ್ ಎಷ್ಟು ಉಣಿಸಿದರೂ ತುಂಬದೆ ಚಾರ್ಜ್ ಎಳೆಯುತ್ತಲೇ ಇರುವುದು ಇದಕ್ಕೊಂದು ಕಾರಣ.

ಬ್ಯಾಕಪ್ ಸತ್ತಿದೆಯೋ ಇಲ್ಲವೋ ತಿಳಿಯಲು ಅತಿ ಸರಳ ಪರೀಕ್ಷೆಯೂ ಇದೆ. ಅಲಾರಂ ಆನ್ ಮಾಡಿ, ಮುಖ್ಯ ಬ್ಯಾಟರಿಯ ಮೈನಸ್ ಬಿಚ್ಚಿ. ಬ್ಯಾಕಪ್ ಜೀವಂತ ಇದ್ದರೆ ಸೈರನ್ ಪೂರ್ತಿ ಗಂಟಲಿನಲ್ಲಿ ಕೂಗಬೇಕು. ಮೌನ, ಅಥವಾ ಎರಡು ಸೆಕೆಂಡ್ ಕೂಗಿ ಕ್ಷೀಣಿಸಿತು ಎಂದರೆ ಪ್ಯಾಕ್ ಮುಗಿದಿದೆ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಂಡೇ ಮಾಡಿ. ಈ ಸೈರನ್‌ಗಳು ಸಾಮಾನ್ಯವಾಗಿ 110ರಿಂದ 120 ಡೆಸಿಬಲ್‌ನವು, ತಮಾಷೆಯ ಮಾತಲ್ಲ. ಅಕ್ಕಪಕ್ಕದವರು ಎಚ್ಚರ ಇರುವ ಹೊತ್ತಿನಲ್ಲಿ ಮಾಡಿದರೆ ಸಂಬಂಧವೂ ಉಳಿಯುತ್ತದೆ.

ಯಾವ ಪ್ಯಾಕ್ ತರಬೇಕು

ಈ ಕೆಲಸದಲ್ಲಿ ಜನ ಎಡವುವುದು ಸ್ಕ್ರೂ ಬಿಚ್ಚುವಲ್ಲಿ ಅಲ್ಲ, ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ಹೊಸ ಪ್ಯಾಕನ್ನು ಅಂದಾಜಿನ ಮೇಲೆ ಮೊದಲೇ ತರಬೇಡಿ. ಹಳೆಯದನ್ನು ಕಣ್ಣಾರೆ ನೋಡಿ, ಅದರ ಮೇಲಿನ ಬರಹ ಓದಿ, ಅಳತೆ ತೆಗೆದ ಮೇಲೆ ತನ್ನಿ.

ಒಳಗಿರುವುದು ಹೆಚ್ಚಾಗಿ ನಿಕಲ್ ಕ್ಯಾಡ್ಮಿಯಂ ಅಥವಾ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು. ಎರಡೂ ರೀಚಾರ್ಜ್ ಆಗುವಂಥವು, ಎರಡರಲ್ಲೂ ಒಂದು ಸೆಲ್ಲಿಗೆ 1.2 ವೋಲ್ಟ್. ಮೂರು ಸೆಲ್ ಇದ್ದರೆ 3.6, ಆರು ಇದ್ದರೆ 7.2, ಏಳು ಇದ್ದರೆ 8.4 ವೋಲ್ಟ್. ಕೆಲವದರಲ್ಲಿ ದಪ್ಪ ಗುಂಡಿಯಂಥ ಸೆಲ್‌ಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಕೆ ಸುತ್ತಿರುತ್ತಾರೆ, ಬಿಸ್ಕತ್ತು ಪೊಟ್ಟಣದ ಥರ. ಕೆಲವದರಲ್ಲಿ ಟಿವಿ ರಿಮೋಟಿಗೆ ಹಾಕುವ ಸೆಲ್ಲಿನ ಮೊಂಡು ರೂಪ ಇರುತ್ತದೆ.

ಹೊಸದರಲ್ಲಿ ನಾಲ್ಕು ಸಂಗತಿ ಹೊಂದಬೇಕು: ಸೆಲ್‌ನ ಜಾತಿ, ಒಟ್ಟು ವೋಲ್ಟೇಜ್, ಸಾಮರ್ಥ್ಯ, ಗಾತ್ರ. ಸಾಮರ್ಥ್ಯವನ್ನು ಎಂಎಎಚ್, ಅಂದರೆ ಮಿಲಿಆಂಪಿಯರ್ ಗಂಟೆಯಲ್ಲಿ ಬರೆದಿರುತ್ತಾರೆ.

ಸಾಮರ್ಥ್ಯ ಯಾಕೆ ಮುಖ್ಯ? ಚಾರ್ಜ್ ಕರೆಂಟನ್ನು ಸೈರನ್ನಿನೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲಿನ ಒಂದು ರೆಸಿಸ್ಟರ್, ಅಂದರೆ ಕರೆಂಟ್ ಹರಿವಿಗೆ ಅಡ್ಡ ನಿಲ್ಲುವ ಪುಟ್ಟ ಭಾಗ, ನಿಗದಿ ಮಾಡಿರುತ್ತದೆ. ಪ್ಯಾಕ್ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಉದಾಹರಣೆಗೆ 300 ಎಂಎಎಚ್ ಪ್ಯಾಕಿಗೆ 15 ಮಿಲಿಆಂಪಿಯರ್ ಹೋಗುತ್ತಿದೆ ಅನ್ನಿ. ಅದು ಸಾಮರ್ಥ್ಯದ ಇಪ್ಪತ್ತನೇ ಒಂದು ಭಾಗ, ಸಾಧು. ಅದೇ ಜಾಗಕ್ಕೆ “ವೋಲ್ಟೇಜ್ ಸರಿಯಿದೆಯಲ್ಲ” ಅಂತ 80 ಎಂಎಎಚ್‌ನ ಚಿಕ್ಕ ಪ್ಯಾಕ್ ಹಾಕಿದರೆ ಅದೇ 15 ಮಿಲಿಆಂಪಿಯರ್ ಈಗ ಹತ್ತಿರ ಹತ್ತಿರ ಐದನೇ ಒಂದು ಭಾಗ. ಎಡೆಬಿಡದೆ ಹಾಗೆ ಹರಿದರೆ ಸೆಲ್ ಕಾದು, ಉಬ್ಬಿ, ಸೋರುತ್ತದೆ. ಸಾಮರ್ಥ್ಯ ಸ್ವಲ್ಪ ಹೆಚ್ಚಾದರೆ ಅಡ್ಡಿಯಿಲ್ಲ, ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೆ. ಕಡಿಮೆಯಾಗಬಾರದು.

ನಿಕಲ್ ಕ್ಯಾಡ್ಮಿಯಂ ಇದ್ದ ಕಡೆ ಅಷ್ಟೇ ಸಂಖ್ಯೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಬಹುದು, ಇಂಥ ನಿಧಾನ ಚಾರ್ಜಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತವೆ, ಸತತ ಚಾರ್ಜ್ ತಡೆಯುವ ಶಕ್ತಿ ಮಾತ್ರ ಎರಡನೆಯದಕ್ಕೆ ಕಡಿಮೆ. ಸತತ ಟ್ರಿಕಲ್ ಚಾರ್ಜಿಗೆ ಆಗುತ್ತದೆ ಅಂತ ತಯಾರಕರು ಹೇಳಿರುವ ಸೆಲ್ ಸಿಕ್ಕರೆ ಅದನ್ನೇ ಆರಿಸಿ.

ಇನ್ನು ಹಾಕಲೇಬಾರದವು. 3.7 ವೋಲ್ಟಿನ ಲಿಥಿಯಂ ಅಯಾನ್ ಸೆಲ್ ಎರಡು ಸೇರಿದರೆ 7.4 ವೋಲ್ಟ್. “7.2ಕ್ಕೆ ಹತ್ತಿರವೇ ಇದೆ, ಹೊಸ ತಂತ್ರಜ್ಞಾನ ಬೇರೆ” ಎಂಬ ಆಸೆ ಎಂಥವರಿಗೂ ಬರುತ್ತದೆ. ಅದಕ್ಕೆ ಬಲಿಯಾಗಬೇಡಿ. ಲಿಥಿಯಂ ಅಯಾನ್ ಸೆಲ್ 4.2 ವೋಲ್ಟ್ ಮುಟ್ಟಿದ ಮೇಲೆ ಚಾರ್ಜ್ ನಿಲ್ಲಲೇಬೇಕು, ನಿಲ್ಲಿಸುವ ಏರ್ಪಾಡು ಈ ಹಳೆಯ ಬೋರ್ಡಿನಲ್ಲಿ ಇಲ್ಲ. ಪೆಟ್ರೋಲ್ ಟ್ಯಾಂಕಿನಿಂದ ಒಂದೆರಡು ಅಡಿ ದೂರದಲ್ಲಿ ಬೆಂಕಿ ಹತ್ತಬಹುದಾದ ವಸ್ತುವನ್ನು ನೀವೇ ಕೂರಿಸಿದಂತೆ. ಸಾಧಾರಣ ಆಲ್ಕಲೈನ್ ಸೆಲ್ ಕೂಡ ಬೇಡ. ಕೆಲವು ಸೈರನ್‌ಗಳಲ್ಲಿ ಚೌಕಾಕಾರದ 9 ವೋಲ್ಟ್ ಬ್ಯಾಟರಿಯಂತೆ ಕಾಣುವುದು ಇರುತ್ತದೆ, ಅದರ ಮೈಮೇಲೆ 8.4 ವೋಲ್ಟ್ ಅಂತ ಬರೆದಿದ್ದರೆ ಅದು ರೀಚಾರ್ಜ್ ಆಗುವ ಏಳು ಸೆಲ್‌ಗಳ ಪ್ಯಾಕ್. ಅಲ್ಲಿಗೆ ಮಾಮೂಲಿ 9 ವೋಲ್ಟ್ ಬ್ಯಾಟರಿ ಸಲೀಸಾಗಿ ಕೂರುತ್ತದೆ, ಒಂದೆರಡು ವಾರ ಕೆಲಸವನ್ನೂ ಮಾಡುತ್ತದೆ, ಆಮೇಲೆ ಸೋರಿ ಬೋರ್ಡನ್ನೇ ತಿನ್ನುತ್ತದೆ. ತದ್ವಿರುದ್ಧವೂ ಉಂಟು: ಹಳೆಯದರ ಮೇಲೆ ರೀಚಾರ್ಜ್ ಮಾಡಬಾರದು ಅಂತ ಬರೆದಿದ್ದರೆ ಅದೇ ಬಗೆಯದನ್ನು ತಂದು ಹಾಕಿ.

ಪ್ಯಾಕಿನಲ್ಲಿ ಒಂದೇ ಸೆಲ್ ಹಾಳಾಗಿದೆ ಅಂತ ಅದೊಂದನ್ನೇ ಬದಲಿಸುವ ಜಿಪುಣತನ ಬೇಡ. ಸಾಲಾಗಿ ಜೋಡಿಸಿದಾಗ ಹಳೆಯ ದುರ್ಬಲ ಸೆಲ್ ಮೊದಲು ಖಾಲಿಯಾಗುತ್ತದೆ, ಉಳಿದವು ಅದರೊಳಗೆ ಉಲ್ಟಾ ಕರೆಂಟ್ ನೂಕಿ ಕೊಲ್ಲುತ್ತವೆ. ಬದಲಿಸಿದರೆ ಪೂರ್ತಿ ಪ್ಯಾಕ್.

ಬೇಕಾಗುವ ಸಾಮಾನು

ಮಲ್ಟಿಮೀಟರ್, ಸ್ಕ್ರೂಡ್ರೈವರ್ ಸೆಟ್, ಬೈಕಿನ ಬ್ಯಾಟರಿಗೆ ಹೊಂದುವ ಸ್ಪಾನರ್, ಸೋಲ್ಡರಿಂಗ್ ಐರನ್ ಮತ್ತು ಸೀಸದ ತಂತಿ (ಕನೆಕ್ಟರ್ ಇರುವ ಪ್ಯಾಕ್ ಆದರೆ ಬೇಡ), ಹೀಟ್ ಶ್ರಿಂಕ್ ಅಂದರೆ ಬಿಸಿ ಮಾಡಿದರೆ ಮುದುಡಿ ವೈರನ್ನು ಅಪ್ಪುವ ಕೊಳವೆ, ಐಸೊಪ್ರೊಪೈಲ್ ಆಲ್ಕೊಹಾಲ್, ಹಳೆಯ ಹಲ್ಲುಜ್ಜುವ ಬ್ರಷ್, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ನ್ಯೂಟ್ರಲ್ ಸಿಲಿಕೋನ್ ಸೀಲಂಟ್, 1 ವ್ಯಾಟ್‌ನ 100 ಓಮ್ ರೆಸಿಸ್ಟರ್ ಒಂದು. ಇದರ ಜೊತೆಗೆ ಒಂದು ದಪ್ಪ ಟವೆಲ್. ಯಾಕೆ ಅಂತ ಹಂತ 3ರಲ್ಲಿ ಗೊತ್ತಾಗುತ್ತದೆ.

ಹಂತ 1: ಪಿನ್ ಮತ್ತು ಎರಡನೇ ರಿಮೋಟ್ ಹುಡುಕಿಡಿ

ಅಲಾರಂ ಜೊತೆ ಬಂದ ಕೈಪಿಡಿ, ಪಿನ್ ಕೋಡ್, ಇನ್ನೊಂದು ರಿಮೋಟ್, ಸೈರನ್ನಿಗೆ ಬೇರೆ ಬೀಗದ ಕೈ ಇದ್ದರೆ ಅದು, ಎಲ್ಲವೂ ಕೈಗೆ ಸಿಗುವ ಹಾಗಿರಲಿ. ಅಲಾರಂಗೆ ಇಮ್ಮೊಬಿಲೈಸರ್, ಅಂದರೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಭಾಗ ಸೇರಿಕೊಂಡಿದ್ದರೆ, ವಿದ್ಯುತ್ ಮರಳಿದಾಗ ಅದು ಬೀಗ ಹಾಕಿಕೊಂಡೇ ಎಚ್ಚರವಾಗಬಹುದು. ಆಗ ಪಿನ್ ಇಲ್ಲದೆ ಬೈಕ್ ಕದಲುವುದಿಲ್ಲ. ಪಿನ್ ಸಿಗದಿದ್ದರೆ ಕೆಲಸವನ್ನು ಸಿಗುವ ತನಕ ಮುಂದೂಡಿ.

ವಾರಂಟಿ ಇನ್ನೂ ಇದ್ದರೆ, ಅಥವಾ ಈ ಅಲಾರಂ ಇದೆ ಅಂತ ವಿಮೆಯಲ್ಲಿ ನಮೂದಾಗಿದ್ದರೆ, ಡಬ್ಬಿ ಬಿಚ್ಚುವುದರಿಂದ ಅದಕ್ಕೆ ಧಕ್ಕೆ ಇದೆಯೇ ಅಂತಲೂ ಓದಿಕೊಳ್ಳಿ.

ಹಂತ 2: ಸರ್ವಿಸ್ ಮೋಡಿಗೆ ಹಾಕಿ

ಸರ್ವಿಸ್ ಮೋಡ್ ಅಂದರೆ ಅಲಾರಂ ಇದ್ದೂ ಇಲ್ಲದಂತೆ ಸುಮ್ಮನಿರುವ ಸ್ಥಿತಿ. ಕೆಲವರು ಇದನ್ನು ವ್ಯಾಲೆ ಮೋಡ್ ಅಂತಲೂ ಕರೆಯುತ್ತಾರೆ. ಇದಕ್ಕೆ ಹೋಗುವ ದಾರಿ ಒಂದೊಂದು ಅಲಾರಂನಲ್ಲಿ ಒಂದೊಂದು: ಕೆಲವದರಲ್ಲಿ ಇಗ್ನಿಷನ್ ಆನ್ ಮಾಡಿ ರಿಮೋಟಿನ ಗುಂಡಿ ಒತ್ತಿ ಹಿಡಿಯಬೇಕು, ಕೆಲವದರಲ್ಲಿ ಪಿನ್ ಒತ್ತಬೇಕು, ಕೆಲವದರಲ್ಲಿ ಇಗ್ನಿಷನ್ ಆಫ್ ಮಾಡಿದ ನಿಗದಿತ ಸೆಕೆಂಡುಗಳೊಳಗೆ ಬ್ಯಾಟರಿ ಬಿಚ್ಚಬೇಕು. ಕೈಪಿಡಿಯೇ ಗತಿ. ಬರೀ ರಿಮೋಟಿನಿಂದ ಆಫ್ ಮಾಡಿದ್ದು ಸಾಲದು. ಆಫ್ ಆಗಿದ್ದರೂ ವೈರ್ ಕಡಿದರೆ ಕೂಗಲೆಂದೇ ಮಾಡಿದ ಯಂತ್ರ ಅದು.

ಹಂತ 3: ಮುಖ್ಯ ಬ್ಯಾಟರಿ ಬಿಚ್ಚಿ

ಮೊದಲು ಮೈನಸ್, ಆಮೇಲೆ ಬೇಕಿದ್ದರೆ ಪ್ಲಸ್. ಪ್ಲಸ್ ಮೊದಲು ಬಿಚ್ಚುವಾಗ ಸ್ಪಾನರ್ ಫ್ರೇಮಿಗೆ ತಗುಲಿದರೆ ಕಿಡಿ ಹಾರುತ್ತದೆ, ಕಾರಣ ಇಷ್ಟೆ. ಬಿಚ್ಚಿದ ಮೈನಸ್ ವೈರಿನ ತುದಿಗೆ ಟೇಪ್ ಸುತ್ತಿ ಪಕ್ಕಕ್ಕೆ ಬಾಗಿಸಿಡಿ.

ಆದರೂ ಸೈರನ್ ಕೂಗಿತೋ? ಗಾಬರಿ ಬೀಳಬೇಡಿ. ಅದಕ್ಕೆ ಬೀಗದ ಕೈ ಇದ್ದರೆ ತಿರುಗಿಸಿ. ಇಲ್ಲದಿದ್ದರೆ ಮೈನಸ್ ಮತ್ತೆ ಜೋಡಿಸಿ, ರಿಮೋಟಿನಿಂದ ಸುಮ್ಮನಾಗಿಸಿ, ಹಂತ 2ನ್ನು ಮೊದಲಿನಿಂದ ಮಾಡಿ. ಈ ನಡುವೆ ಸೈರನ್ನಿನ ಬಾಯಿಗೆ ಒತ್ತಿ ಹಿಡಿಯಲು ಆ ಟವೆಲ್.

ಹಂತ 4: ಸೈರನ್ ಹೊರತೆಗೆಯಿರಿ

ಸೀಟಿನ ಕೆಳಗೆ, ಹಿಂಬದಿಯ ಕವಚದೊಳಗೆ, ಪಕ್ಕದ ಪ್ಯಾನೆಲ್ ಹಿಂದೆ ಹುಡುಕಿ. ವೈರ್‌ಗಳ ಜಾಡು ಹಿಡಿದು ಹೋದರೆ ಸಿಗುತ್ತದೆ. ಪ್ಲಗ್ ಕೀಳುವ ಮುಂಚೆ ಮೊಬೈಲಿನಲ್ಲಿ ಮೂರು ನಾಲ್ಕು ಫೋಟೋ ತೆಗೆಯಿರಿ. ಸೈರನ್ನಿನ ಬಾಯಿ ಯಾವ ಕಡೆ ತಿರುಗಿತ್ತು ಎನ್ನುವುದೂ ಫೋಟೋದಲ್ಲಿರಲಿ. ಅದು ಸಾಮಾನ್ಯವಾಗಿ ಕೆಳಮುಖವಾಗಿರುತ್ತದೆ, ಒಳಗೆ ಹೋದ ನೀರು ಇಳಿದು ಹೋಗಲಿ ಅಂತ. ಮತ್ತೆ ಕೂರಿಸುವಾಗ ಮೇಲ್ಮುಖ ಮಾಡಿದರೆ ನೀವು ಅದನ್ನೊಂದು ಲೋಟ ಮಾಡಿದಂತೆ.

ಹಂತ 5: ಡಬ್ಬಿ ಬಿಚ್ಚಿ, ಬಿಚ್ಚಲಾದರೆ

ಸ್ಕ್ರೂ ಇದ್ದರೆ ಅದೃಷ್ಟ. ಕಾಣದಿದ್ದರೆ ಲೇಬಲ್ಲಿನ ಕೆಳಗೆ ಬೆರಳಾಡಿಸಿ, ಅಡಗಿಸಿಟ್ಟಿರುತ್ತಾರೆ. ಅಂಟು ಹಾಕಿ ಮುಚ್ಚಿದ್ದರೆ ಸೇರಿಕೆಯ ಗೆರೆಗುಂಟ ತೆಳುವಾದ ಬ್ಲೇಡನ್ನು ಸ್ವಲ್ಪ ಸ್ವಲ್ಪವೇ ಆಡಿಸಬೇಕು. ಎರಡು ಮಿಲಿಮೀಟರಿಗಿಂತ ಆಳಕ್ಕೆ ನುಗ್ಗಿಸಬೇಡಿ. ಬ್ಲೇಡ್ ಪ್ಯಾಕಿಗೆ ತಗುಲಿ ಶಾರ್ಟ್ ಆಗಬಹುದು, ವೈರೂ ತುಂಡಾಗಬಹುದು.

ಬಿಚ್ಚಿದಾಗ ಒಳಗೆಲ್ಲ ಗಟ್ಟಿ ಕಪ್ಪು ರಾಳ ತುಂಬಿದ್ದರೆ ಅಲ್ಲಿಗೆ ನಿಲ್ಲಿಸಿ. ನೀರು ಹೋಗದಿರಲಿ ಅಂತ ಎಪಾಕ್ಸಿ ಎರೆದಿರುತ್ತಾರೆ. ಕೆತ್ತಿ ತೆಗೆಯಲು ಹೋದವರಲ್ಲಿ ಬೋರ್ಡ್ ಉಳಿಸಿಕೊಂಡವರು ಕಡಿಮೆ, ನಾನಂತೂ ಉಳಿಸಿಕೊಂಡಿಲ್ಲ. ಅಂಥದ್ದಕ್ಕೆ ಅದೇ ಮಾದರಿಯ ಸೈರನ್ ತಂದು ಹಾಕುವುದೇ ದಾರಿ.

ಹಂತ 6: ಹಳೆಯ ಪ್ಯಾಕ್ ನೋಡಿ, ಅಳೆಯಿರಿ, ತೆಗೆಯಿರಿ

ಸೋರಿದ ಪ್ಯಾಕ್ ಕಂಡ ಕೂಡಲೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಅಂಚಿನಲ್ಲಿ ಉಪ್ಪು ಹರಳಿನಂಥ ಬಿಳಿ ಪುಡಿ, ಅಲ್ಲಿಂದ ಹೊರಟ ಕಪ್ಪು ವೈರ್‌ನೊಳಗಿನ ತಾಮ್ರ ಹಸಿರಾಗಿ ಮುಟ್ಟಿದರೆ ಉದುರುವಂತೆ, ಬೋರ್ಡಿನ ಮೇಲಿನ ತಾಮ್ರದ ಗೆರೆಗಳು ಮಂಕಾಗಿ ಉಬ್ಬಿಕೊಂಡು. ಈ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಪ್ರಬಲ ಕ್ಷಾರ. ಚರ್ಮ ಸುಡುತ್ತದೆ, ಕಣ್ಣಿಗೆ ಇನ್ನೂ ಅಪಾಯ. ಕೈಗವಸು ಕನ್ನಡಕ ಇಲ್ಲಿಗೆ. ತಾಗಿದರೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ, ಕಣ್ಣಿಗಾದರೆ ತೊಳೆದು ನೇರ ವೈದ್ಯರ ಬಳಿ ಹೋಗಿ. ಸೋರಿದ ಕ್ಷಾರ ವಿದ್ಯುತ್ ಹರಿಸುತ್ತದೆ, ಬೋರ್ಡಿನ ಮೇಲೆ ಇಲ್ಲದ ದಾರಿಗಳನ್ನು ತೆರೆಯುತ್ತದೆ. ಕಾರಣವೇ ಇಲ್ಲದೆ ಕೂಗುವ ಅಲಾರಂಗಳ ಒಂದು ಗುಟ್ಟು ಇದು.

ತೆಗೆಯುವ ಮುಂಚೆ ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಅಂತ ಬೋರ್ಡಿನ ಮೇಲೆಯೇ ಮಾರ್ಕರಿನಿಂದ ಗುರುತು ಹಾಕಿ, ಫೋಟೋ ತೆಗೆಯಿರಿ. ವೈರಿನ ಬಣ್ಣ ನಂಬಬೇಡಿ, ಮೀಟರ್ ನಂಬಿ. ಆಮೇಲೆ ಕನೆಕ್ಟರ್ ಕೀಳಿರಿ ಅಥವಾ ಬೆಸುಗೆ ಬಿಡಿಸಿ. ಕತ್ತರಿಸುವುದಾದರೆ ಒಂದು ಸಲಕ್ಕೆ ಒಂದೇ ವೈರ್. ಎರಡನ್ನೂ ಒಟ್ಟಿಗೆ ಕತ್ತರಿಯಲ್ಲಿ ಸಿಕ್ಕಿಸಿದರೆ ಕತ್ತರಿಯೇ ಶಾರ್ಟ್ ಮಾಡುತ್ತದೆ.

ಹಳೆಯದು ನಿಜವಾಗಿ ಸತ್ತಿದೆಯೇ? 7.2 ವೋಲ್ಟಿನ ಪ್ಯಾಕ್ 6 ವೋಲ್ಟ್ ತೋರಿಸಿದರೆ ಒಂದು ಸೆಲ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಆದರೆ 7.2 ತೋರಿಸಿದ ಮಾತ್ರಕ್ಕೆ ಪ್ಯಾಕ್ ಚೆನ್ನಾಗಿದೆ ಅಂತಲ್ಲ. ಲೋಡ್ ಹಾಕಿ ನೋಡಬೇಕು, ಅಂದರೆ ಕೆಲಸ ಕೊಟ್ಟು. ಎರಡು ತುದಿಗೆ 100 ಓಮ್ ರೆಸಿಸ್ಟರ್ ಹಿಡಿದು ಮೀಟರ್ ನೋಡಿ. ಸುಮಾರು 70 ಮಿಲಿಆಂಪಿಯರ್ ಹರಿಯುತ್ತದೆ. ಚಾರ್ಜ್ ಇರುವ ಒಳ್ಳೆಯ ಪ್ಯಾಕ್ ಕೆಲವು ನಿಮಿಷ 6.6ರ ಮೇಲೆ ನಿಲ್ಲುತ್ತದೆ. ಮುದಿ ಪ್ಯಾಕ್ ಸೆಕೆಂಡುಗಳಲ್ಲಿ 6ರ ಕೆಳಗೆ ಜಾರುತ್ತದೆ. ರೆಸಿಸ್ಟರ್ ಬಿಸಿಯಾಗುತ್ತದೆ, ಬೆರಳಲ್ಲಿ ಹಿಡಿಯಬೇಡಿ.

ಹಂತ 7: ಬೋರ್ಡ್ ಸ್ವಚ್ಛ ಮಾಡಿ

ಸೋರಿಲ್ಲದಿದ್ದರೆ ಇದನ್ನು ಬಿಟ್ಟು ಮುಂದೆ ಹೋಗಿ. ಸೋರಿದ್ದರೆ ಬಿಳಿ ವಿನೆಗರ್ ಅಥವಾ ನಿಂಬೆರಸವನ್ನು ಹತ್ತಿಕಡ್ಡಿಗೆ ಅದ್ದಿ ಪುಡಿಯ ಮೇಲೆ ಒತ್ತಿ. ಸಣ್ಣಗೆ ನೊರೆಗುಟ್ಟುತ್ತದೆ. ಹುಳಿ ಕ್ಷಾರವನ್ನು ಕೊಲ್ಲುತ್ತಿರುವ ಗುರುತು ಅದು. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಬ್ರಷ್ಷಿನಿಂದ ಉಜ್ಜಿ ಪೂರ್ತಿ ಒಣಗಿಸಿ. ಹುಳಿಯನ್ನು ಹಾಗೇ ಬಿಟ್ಟರೆ ಅದೂ ತಾಮ್ರ ತಿನ್ನುತ್ತದೆ. ಕಡಿದುಹೋದ ಗೆರೆ ಕಂಡರೆ ಮೀಟರಿನ ಬೀಪ್ ಅಳತೆಯಲ್ಲಿ ಪರೀಕ್ಷಿಸಿ, ತೆಳು ವೈರಿನಿಂದ ಸೇತುವೆ ಹಾಕಬಹುದು. ಹಸಿರಾದ ವೈರನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ.

ಹಂತ 8: ಹೊಸ ಪ್ಯಾಕ್ ಜೋಡಿಸಿ

ಕನೆಕ್ಟರ್ ಇರುವ ಪ್ಯಾಕ್ ತಂದಿದ್ದೀರಿ, ಚಕ್ಕನೆ ಕೂರುತ್ತದೆ ಅನ್ನುವ ಖುಷಿಯಲ್ಲಿ ಒತ್ತಿಬಿಡಬೇಡಿ. ಎರಡು ಪಿನ್ನಿನ ಈ ಸಣ್ಣ ಬಿಳಿ ಕನೆಕ್ಟರ್‌ಗಳಲ್ಲಿ ಪ್ಲಸ್ ಯಾವ ಬದಿ ಅನ್ನುವುದಕ್ಕೆ ನಿಯಮವೇ ಇಲ್ಲ. ಒಬ್ಬರ ಪ್ಯಾಕಿನಲ್ಲಿ ಎಡಕ್ಕೆ ಕೆಂಪು, ಇನ್ನೊಬ್ಬರದರಲ್ಲಿ ಬಲಕ್ಕೆ. ಆಕಾರ ಒಂದೇ ಆದ್ದರಿಂದ ಉಲ್ಟಾ ಪ್ಯಾಕ್ ಕೂಡ ಅಷ್ಟೇ ಸಲೀಸಾಗಿ ಕೂರುತ್ತದೆ. ಒಮ್ಮೆ ನಾನು ಹೀಗೇ ಒತ್ತಿ, ಒಂದು ಡಯೋಡ್ ಸುಟ್ಟ ವಾಸನೆಯಿಂದ ತಪ್ಪು ತಿಳಿದುಕೊಂಡೆ. ಹಾಕಿದ ಗುರುತಿನ ಜೊತೆ ಮೀಟರಿನಿಂದ ತಾಳೆ ನೋಡಿ, ಆಮೇಲೆ ಒತ್ತಿ. ಉಲ್ಟಾ ಇದ್ದರೆ ಸೂಜಿಯಿಂದ ಕನೆಕ್ಟರಿನ ಪ್ಲಾಸ್ಟಿಕ್ ನಾಲಿಗೆಯನ್ನು ಎತ್ತಿ ಪಿನ್‌ಗಳನ್ನು ಹೊರಗೆಳೆದು ಅದಲು ಬದಲು ಮಾಡಬಹುದು. ಹೊರಬಂದ ಎರಡು ಪಿನ್ ಒಂದಕ್ಕೊಂದು ತಾಗದಿರಲಿ, ಒಂದಕ್ಕೆ ಟೇಪ್ ಸುತ್ತಿರಿ.

ಬೆಸುಗೆ ಹಾಕಬೇಕಿದ್ದರೆ, ಸೆಲ್ಲಿನ ಮೈಗೆ ನೇರವಾಗಿ ಐರನ್ ಇಡಬೇಡಿ. ಒಳಗಿನ ರಬ್ಬರ್ ಸೀಲು, ಎರಡು ಪದರಗಳನ್ನು ಬೇರೆ ಇಡುವ ತೆಳು ಹಾಳೆ ಎರಡೂ ಆ ಬಿಸಿ ತಡೆಯುವುದಿಲ್ಲ. ಇವತ್ತು ಕೆಲಸ ಮಾಡಿದ ಪ್ಯಾಕ್ ಕೆಲವೇ ತಿಂಗಳಲ್ಲಿ ಸೋರುತ್ತದೆ. ಅದಕ್ಕೇ ಟ್ಯಾಗ್ ಇರುವ ಪ್ಯಾಕ್ ತರಬೇಕು. ಟ್ಯಾಗ್ ಅಂದರೆ ಕಾರ್ಖಾನೆಯಲ್ಲೇ ಸೆಲ್ಲಿಗೆ ವೆಲ್ಡ್ ಮಾಡಿ ಬಂದ ನಿಕಲ್ ಪಟ್ಟಿ. ಬೆಸುಗೆ ಆ ಪಟ್ಟಿಯ ಹೊರ ತುದಿಗೆ. ಪಟ್ಟಿಗೂ ವೈರಿಗೂ ಮೊದಲೇ ಬೇರೆ ಬೇರೆಯಾಗಿ ಸ್ವಲ್ಪ ಸೀಸ ಬಳಿದಿಟ್ಟುಕೊಂಡರೆ, ಕೂಡಿಸುವಾಗ ಎರಡು ಮೂರು ಸೆಕೆಂಡ್ ಸಾಕು. ಹೀಟ್ ಶ್ರಿಂಕ್ ಕೊಳವೆಯನ್ನು ವೈರಿಗೆ ಪೋಣಿಸಿ ಆಮೇಲೆ ಬೆಸುಗೆ ಹಾಕಿ. ಈ ಸಾಲು ಓದಿಯೂ ಅರ್ಧ ಜನ ಮರೆಯುತ್ತಾರೆ, ಬೆಸುಗೆ ಬಿಡಿಸಿ ಮತ್ತೆ ಹಾಕುತ್ತಾರೆ.

ಪ್ಯಾಕ್ ಅಲ್ಲಾಡದಂತೆ ದಪ್ಪ ಎರಡು ಬದಿಯ ಟೇಪ್ ಅಥವಾ ಸ್ಪಂಜಿನ ತುಂಡು ಇಡಿ. ಬೈಕಿನ ನಡುಕ ನಿರಂತರ, ಸಡಿಲ ಇದ್ದದ್ದು ಒಂದು ದಿನ ವೈರ್ ಕಿತ್ತುಕೊಳ್ಳುತ್ತದೆ. ಪ್ಯಾಕಿನ ಮೇಲೆ ಹಾಕಿದ ತಿಂಗಳು, ವರ್ಷ ಬರೆಯಿರಿ.

ಹಂತ 9: ಮುಚ್ಚುವ ಮುಂಚೆ ಒಮ್ಮೆ ಜೋಡಿಸಿ ನೋಡಿ

ಡಬ್ಬಿ ತೆರೆದಿರುವಾಗಲೇ ಸೈರನ್ ಪ್ಲಗ್ ಹಾಕಿ, ಮುಖ್ಯ ಬ್ಯಾಟರಿ ಜೋಡಿಸಿ. ಈ ಸಲ ಪ್ಲಸ್ ಮೊದಲು, ಮೈನಸ್ ಕೊನೆಗೆ. ಕೂಗಬಹುದು, ಟವೆಲ್ ಮತ್ತು ರಿಮೋಟ್ ಸಿದ್ಧವಿರಲಿ. ಈಗ ಪ್ಯಾಕಿನ ಎರಡು ತುದಿಯಲ್ಲಿ ವೋಲ್ಟೇಜ್ ನೋಡಿ. ಹತ್ತು ಹದಿನೈದು ನಿಮಿಷದಲ್ಲಿ ಅದು ಕೊಂಚ ಕೊಂಚವೇ ಏರುತ್ತಿದ್ದರೆ ಚಾರ್ಜ್ ಹೋಗುತ್ತಿದೆ. ಚಾರ್ಜ್ ತುಂಬುವ ಹೊತ್ತಿಗೆ ಸೆಲ್ಲಿಗೆ 1.4 ವೋಲ್ಟ್ ಲೆಕ್ಕದಲ್ಲಿ ಆರು ಸೆಲ್ಲಿನ ಪ್ಯಾಕ್ 8.4ರ ಸುತ್ತಮುತ್ತ ಬರುತ್ತದೆ. ಏರದೆ ಇಳಿಯುತ್ತಿದ್ದರೆ ಬೋರ್ಡಿನ ಚಾರ್ಜಿಂಗ್ ಭಾಗ ಹೋಗಿದೆ, ಹೊಸ ಪ್ಯಾಕ್ ಹಾಕಿ ಪ್ರಯೋಜನವಿಲ್ಲ.

ಹಂತ 10: ಸೀಲ್ ಮಾಡಿ ಮತ್ತೆ ಕೂರಿಸಿ

ಬ್ಯಾಟರಿ ಮತ್ತೆ ಬಿಚ್ಚಿ, ಹಂತ 2ನ್ನು ಮರೆಯದೆ. ರಬ್ಬರ್ ಗ್ಯಾಸ್ಕೆಟ್ ಚೆನ್ನಾಗಿದ್ದರೆ ಒರೆಸಿ ಅದನ್ನೇ ಹಾಕಿ. ಇಲ್ಲದಿದ್ದರೆ ಸೇರಿಕೆಯ ಗೆರೆಗೆ ಸಿಲಿಕೋನ್ ಸೀಲಂಟ್. ಟ್ಯೂಬ್ ತೆರೆದಾಗ ವಿನೆಗರ್ ವಾಸನೆ ಬಂದರೆ ಅದನ್ನು ಬಳಸಬೇಡಿ. ಆ ಬಗೆಯದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಅದು ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದೇ ಬೇಕು. ಒಂದು ದಿನ ಒಣಗಲು ಬಿಟ್ಟು ಬೈಕಿಗೆ ಕೂರಿಸಿ, ಬಾಯಿ ಕೆಳಗೆ.

ಎಲ್ಲ ಜೋಡಿಸಿದ ಮೇಲೆ ಒಂದೆರಡು ದಿನ ಸುಮ್ಮನೆ ಬಿಡಿ. ಹೊಸ ಪ್ಯಾಕ್ ಪೂರ್ತಿ ಚಾರ್ಜ್ ಆಗಿ ಬಂದಿರುವುದಿಲ್ಲ, ಹನಿ ಚಾರ್ಜಿನಲ್ಲಿ ತುಂಬಲು ಸಮಯ ಬೇಕು. ಮೊದಲ ಗಂಟೆಯಲ್ಲೇ ವೈರ್ ಕಿತ್ತು ನೋಡಿ “ಹೊಸದೂ ಸತ್ತಿದೆ” ಅಂತ ಬೇಜಾರಾಗುವವರು ಬಹಳ. ಎರಡು ದಿನದ ನಂತರ ಮೊದಲು ಹೇಳಿದ ಪರೀಕ್ಷೆ ಮಾಡಿ: ಅಲಾರಂ ಆನ್, ಮೈನಸ್ ಬಿಚ್ಚು, ಕಿವಿ ಮುಚ್ಚು. ಹತ್ತು ಸೆಕೆಂಡ್ ಅದೇ ಗಂಟಲಿನಲ್ಲಿ ಕೂಗಿದರೆ ಸಾಕು, ಮೈನಸ್ ಮತ್ತೆ ಜೋಡಿಸಿ ಸುಮ್ಮನಾಗಿಸಿ. ಜೊತೆಗೆ ಇಗ್ನಿಷನ್, ಸ್ಟಾರ್ಟರ್, ಇಂಡಿಕೇಟರ್ ನೋಡಿಕೊಳ್ಳಿ, ಗಡಿಯಾರ ಮತ್ತೆ ಹೊಂದಿಸಿ.

ರಿಮೋಟಿನ ಸೆಲ್

ರಿಮೋಟನ್ನು ಬೈಕಿನ ಹತ್ತಿರವೇ ಹಿಡಿದು ಒತ್ತಬೇಕಾಗುತ್ತಿದ್ದರೆ ಇದರ ಸರದಿ. ಸೆಲ್ಲಿನ ಮೇಲೆ ಸಿಆರ್2032 ಅಂತ ಇದ್ದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಸಿಆರ್2016 ಅಷ್ಟೇ ಅಗಲ, ದಪ್ಪ ಮಾತ್ರ 1.6. ತೆಳುವಾದುದನ್ನು ದಪ್ಪದರ ಜಾಗಕ್ಕೆ ಹಾಕಿದರೆ ಸಂಪರ್ಕ ಸಡಿಲವಾಗುತ್ತದೆ. ಕೆಲವು ರಿಮೋಟ್‌ಗಳಲ್ಲಿ ಎ23 ಎಂಬ ಕಿರುಬೆರಳಿನಂಥ 12 ವೋಲ್ಟಿನ ಸೆಲ್ ಇರುತ್ತದೆ. ಬದಲಿಸಿದ ಮೇಲೆ ರಿಮೋಟ್ ಸ್ಪಂದಿಸದಿದ್ದರೆ ಬೈಕಿನ ಪಕ್ಕ ನಿಂತು ಕೆಲವು ಸಲ ಒತ್ತಿ, ಆಗಲೂ ಇಲ್ಲವಾದರೆ ಕೈಪಿಡಿಯಲ್ಲಿ ಹೇಳಿದಂತೆ ಮತ್ತೆ ಪರಿಚಯ ಮಾಡಿಸಿ. ನಾಣ್ಯದ ಸೆಲ್, ಹಳೆಯದಾದರೂ, ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಹಳೆಯ ಪ್ಯಾಕ್

ಎರಡು ತುದಿಗೂ ಟೇಪ್ ಸುತ್ತಿ, ಸೋರಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಇ-ತ್ಯಾಜ್ಯ ಅಥವಾ ಹಳೆಯ ಬ್ಯಾಟರಿ ಸಂಗ್ರಹಿಸುವವರಿಗೆ ಕೊಡಿ. ನಿಕಲ್ ಕ್ಯಾಡ್ಮಿಯಂ ಆಗಿದ್ದರೆ ಇನ್ನೂ ಜಾಗ್ರತೆ, ಕ್ಯಾಡ್ಮಿಯಂ ವಿಷ. ಕಸದ ಬುಟ್ಟಿಗೂ ಬೇಡ, ಬೆಂಕಿಗಂತೂ ಬೇಡವೇ ಬೇಡ. ಕೊಡುವ ಮುಂಚೆ ಅದರ ಮೇಲಿನ ಬರಹದ ಒಂದು ಫೋಟೋ ಉಳಿಸಿಕೊಂಡು ಅಲಾರಂ ಕೈಪಿಡಿಯೊಳಗೆ ಪಿನ್ ಜೊತೆ ಸೇರಿಸಿಡಿ, ಮುಂದಿನ ಸಲ ಡಬ್ಬಿ ಬಿಚ್ಚುವ ಮುಂಚೆಯೇ ಹೊಸ ಪ್ಯಾಕ್ ತಂದಿಟ್ಟುಕೊಳ್ಳಬಹುದು.